ತಲೆಗೆ ಬಿದ್ದ ಎಣ್ಣೆ: ಸ್ಟೀಫನ್, ಮಟಿಲ್ಡಾ ಮತ್ತು ಒಂದು ಗದ್ದುಗೆ

ಎಲ್ಲರಿಗೂ ನಮಸ್ಕಾರ.

ಇವತ್ತು ಹನ್ನೆರಡನೇ ಶತಮಾನದ ಇಂಗ್ಲೆಂಡಿನ ಒಂದು ದಾಯಾದಿ ಜಗಳದ ಬಗ್ಗೆ ಮಾತಾಡುತ್ತೇನೆ. ದಾಯಾದಿ ಜಗಳ ಎಂದರೆ ಏನು ಎಂದು ಈ ಸಭೆಗೆ ಯಾರೂ ಬಂದು ಹೇಳಿಕೊಡಬೇಕಾಗಿಲ್ಲ. ಆದರೆ ಈ ಜಗಳದಲ್ಲಿ ಒಂದು ವಿಚಿತ್ರ ಇದೆ. 1141ರಲ್ಲಿ ಇಂಗ್ಲೆಂಡಿನ ರಾಜ ಸ್ಟೀಫನ್ ಯುದ್ಧದಲ್ಲಿ ಸೋತು ಸೆರೆ ಸಿಕ್ಕಿದ. ಅವನನ್ನು ಬ್ರಿಸ್ಟಲ್ ಕೋಟೆಯಲ್ಲಿ ಇಟ್ಟರು, ಆಮೇಲೆ ಸಂಕೋಲೆಯನ್ನೂ ಹಾಕಿದರು. ಗೆದ್ದವಳು ಮಟಿಲ್ಡಾ, ಪಟ್ಟ ಕಟ್ಟಿಸಿಕೊಳ್ಳಲು ಲಂಡನ್ನಿಗೇ ಬಂದಳು. ಇಷ್ಟಾದರೂ ಅವಳು ರಾಣಿಯಾಗಲಿಲ್ಲ. ಸಂಕೋಲೆಯಲ್ಲಿದ್ದವನೇ ರಾಜನಾಗಿ ಉಳಿದ. ಹದಿಮೂರು ವರ್ಷ ಕಳೆದು ಸತ್ತಾಗಲೂ ಅವನು ರಾಜನೇ.

ಚರಿತ್ರೆಕಾರರು ಈ ಕಾಲಕ್ಕೆ 'ಅನಾರ್ಕಿ' ಎಂದು ಹೆಸರಿಟ್ಟಿದ್ದಾರೆ. ಅರಾಜಕತೆ. ಆದರೆ ನಿಜವಾಗಿ ನೋಡಿದರೆ ಅಲ್ಲಿ ಅರಸರ ಕೊರತೆ ಇರಲಿಲ್ಲ. ಇದ್ದ ಅರಸನನ್ನು ಕೆಳಗಿಳಿಸುವುದು ಹೇಗೆ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಕಾರಣ ಪಟ್ಟಾಭಿಷೇಕದ ಎಣ್ಣೆ.

ಪಟ್ಟ ಕಟ್ಟುವ ದಿನ ಕಿರೀಟ ಇಡುವುದಕ್ಕೆ ಮೊದಲು ಆರ್ಚ್‌ಬಿಷಪ್ ಪವಿತ್ರವಾದ ಎಣ್ಣೆಯಿಂದ ರಾಜನಿಗೆ ಅಭಿಷೇಕ ಮಾಡುತ್ತಿದ್ದರು. ಕಿರೀಟ ಲೋಹ, ತೆಗೆದಿಡಬಹುದು. ಅಭಿಷೇಕವನ್ನು ಒರೆಸಿ ಹಾಕುವ ವಿಧಾನ ಚರ್ಚಿನಲ್ಲಿ ಇರಲಿಲ್ಲ. ಹಿರಿಯ ಮಗನಿಗೇ ಗದ್ದುಗೆ ಎಂಬ ಖಚಿತವಾದ ಕಟ್ಟಳೆಯೂ ಆಗ ಇರಲಿಲ್ಲ. ರಾಜ ಸತ್ತರೆ ಅವನ ಹೆಸರಿನಲ್ಲಿ ನಡೆಯುತ್ತಿದ್ದ ಶಾಂತಿಯೂ ಅವನ ಜೊತೆಗೇ ಸಾಯುತ್ತಿತ್ತು. ಇನ್ನೊಬ್ಬನಿಗೆ ಅಭಿಷೇಕ ಆಗುವ ತನಕ ದೇಶಕ್ಕೆ ರಾಜನೇ ಇಲ್ಲ. ಹಾಗಾಗಿ ಯಾರು ಮೊದಲು ಓಡಿಹೋಗಿ ತಲೆ ಒಡ್ಡುತ್ತಾರೋ ಅವರದೇ ರಾಜ್ಯ.

ಈ ಓಟದಲ್ಲಿ ಗೆದ್ದು ತೋರಿಸಿದವನು ಒಂದನೇ ಹೆನ್ರಿ. 1100ರ ಆಗಸ್ಟ್ 2ರಂದು ಅವನ ಅಣ್ಣ, ರಾಜ ವಿಲಿಯಂ ರೂಫಸ್, ಕಾಡಿನಲ್ಲಿ ಬೇಟೆಯಾಡುವಾಗ ಬಾಣ ತಗುಲಿ ಸತ್ತ. ಹೆನ್ರಿ ಅಲ್ಲೇ ಆಸುಪಾಸಿನಲ್ಲಿದ್ದ. ಅಣ್ಣನ ಹೆಣದ ಹತ್ತಿರ ಕೂರಲಿಲ್ಲ. ನೇರ ವಿಂಚೆಸ್ಟರಿಗೆ ಕುದುರೆ ಓಡಿಸಿದ, ಏಕೆಂದರೆ ರಾಜ್ಯದ ಖಜಾನೆ ಇದ್ದದ್ದು ಅಲ್ಲಿ. ಆಗಸ್ಟ್ 5ಕ್ಕೆ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಪಟ್ಟ ಆಗಿಯೇ ಹೋಯಿತು. ಮೂರೇ ದಿನ. ಹಿರಿಯಣ್ಣ ರಾಬರ್ಟ್ ಆಗ ಜೆರುಸಲೇಮಿನ ಧರ್ಮಯುದ್ಧ ಮುಗಿಸಿ ಊರಿನ ದಾರಿಯಲ್ಲಿದ್ದ. ಪಾಪ, ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಂದೆ 1106ರಲ್ಲಿ ಹೆನ್ರಿ ಅವನನ್ನು ಯುದ್ಧದಲ್ಲಿ ಹಿಡಿದು, ಕಡಲಾಚೆ ಫ್ರಾನ್ಸಿನಲ್ಲಿ ಅವನು ಆಳುತ್ತಿದ್ದ ನಾರ್ಮಂಡಿ ಸೀಮೆಯನ್ನೂ ಕಿತ್ತುಕೊಂಡ. ರಾಬರ್ಟ್ ಸಾಯುವ ತನಕ, ಅಂದರೆ 1134ರ ತನಕ, ಸೆರೆಯಲ್ಲೇ ಇದ್ದ.

ಹೀಗೆ ರಾಜ್ಯ ಹೊಡೆದುಕೊಂಡ ಹೆನ್ರಿಗೆ ತನ್ನ ನಂತರ ಮಾತ್ರ ಎಲ್ಲ ಕ್ರಮವಾಗಿ ನಡೆಯಬೇಕು ಎಂಬ ಆಸೆ. ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿದ್ದರು, ಆದರೆ ಮದುವೆಯಾದ ಹೆಂಡತಿಯಲ್ಲಿ ಬೆಳೆದು ದೊಡ್ಡವರಾದವರು ಇಬ್ಬರೇ. ಮಗ ವಿಲಿಯಂ, ಮಗಳು ಮಟಿಲ್ಡಾ.

1120ರ ನವೆಂಬರ್ 25ರ ರಾತ್ರಿ ನಾರ್ಮಂಡಿಯ ಬಾರ್‌ಫ್ಲರ್ ಬಂದರಿನಿಂದ ರಾಜಪರಿವಾರ ಇಂಗ್ಲೆಂಡಿಗೆ ಹೊರಟಿತು. ಹೆನ್ರಿಯ ಹಡಗು ಮೊದಲೇ ಹೋಯಿತು. ಹದಿನೇಳು ವರ್ಷದ ವಿಲಿಯಂ, ಅವನ ಗೆಳೆಯರು, ದೊಡ್ಡ ದೊಡ್ಡ ಮನೆತನದ ಹುಡುಗರು 'ವೈಟ್ ಶಿಪ್' ಎಂಬ ಹಡಗು ಹತ್ತಿದರು. ಹತ್ತಿದವರು ಸುಮ್ನೆ ಕೂರಲಿಲ್ಲ. ತಾವೂ ಕುಡಿದರು, ನಾವಿಕರಿಗೂ ಕುಡಿಸಿದರು. ಮುಂದೆ ಹೋದ ರಾಜನ ಹಡಗನ್ನು ಹಿಂದೆ ಹಾಕಬೇಕೆಂಬ ಹುಮ್ಮಸ್ಸು ಬೇರೆ. ಬಂದರು ದಾಟುತ್ತಿದ್ದ ಹಾಗೇ ಹಡಗು ಬಂಡೆಗೆ ಬಡಿದು ಮುಳುಗಿತು. ಸುಮಾರು 300 ಜನ ಇದ್ದರು. ಬದುಕಿ ದಡ ಸೇರಿ ಕಥೆ ಹೇಳಿದವನು ರೂಆನ್ ಊರಿನ ಒಬ್ಬ ಕಟುಕ.

ಹಡಗು ಹೊರಡುವ ಮುಂಚೆ ಇಳಿದುಹೋದವರಲ್ಲಿ ರಾಜನ ಸೋದರಳಿಯ ಸ್ಟೀಫನ್ ಕೂಡ ಒಬ್ಬ. ಅವನಿಗೆ ಹೊಟ್ಟೆ ಕೆಟ್ಟಿತ್ತು ಎಂದು ಆ ಕಾಲದ ಒಬ್ಬ ಸನ್ಯಾಸಿ ಬರೆದಿಟ್ಟಿದ್ದಾನೆ. ಕೆಟ್ಟ ಹೊಟ್ಟೆಯೊಂದು ಇಂಗ್ಲೆಂಡಿನ ಚರಿತ್ರೆಯನ್ನೇ ತಿರುಗಿಸಿತು ಎಂದು ಹೇಳುವವರಿದ್ದಾರೆ. ಕೇಳಲು ಮಜವಾಗಿದೆ. ನಾನು ಅಷ್ಟು ದೂರ ಹೋಗುವುದಿಲ್ಲ.

ಉಳಿದವಳು ಮಟಿಲ್ಡಾ. ಎಂಟು ವರ್ಷಕ್ಕೇ ಅವಳನ್ನು ಜರ್ಮನಿಗೆ ಕಳಿಸಿದ್ದರು. ಅಲ್ಲಿನ ಚಕ್ರವರ್ತಿ ಐದನೇ ಹೆನ್ರಿಯ ಹೆಂಡತಿಯಾದಳು. 1125ರಲ್ಲಿ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ, ಅಪ್ಪ ವಾಪಸ್ ಕರೆಸಿಕೊಂಡ. ಚಕ್ರವರ್ತಿನಿ ಎಂಬ ಬಿರುದನ್ನು ಅವಳು ಕೊನೆ ತನಕ ಬಿಡಲಿಲ್ಲ. 1127ರ ಜನವರಿ 1ರಂದು ಹೆನ್ರಿ ತನ್ನ ಸರದಾರರನ್ನೆಲ್ಲ ಸೇರಿಸಿ, ನನ್ನ ನಂತರ ಮಗಳನ್ನೇ ಒಡತಿ ಎಂದು ಒಪ್ಪುತ್ತೇವೆ ಎಂದು ಪ್ರಮಾಣ ಮಾಡಿಸಿದ. ಆ ಸಭೆಯಲ್ಲಿ ಒಂದು ಸಣ್ಣ ಜಗಳ ನಡೆಯಿತು. ಯಾರು ಮೊದಲು ಪ್ರಮಾಣ ಮಾಡಬೇಕು ಎಂದು. ಒಬ್ಬ ಸ್ಟೀಫನ್. ಇನ್ನೊಬ್ಬ ಗ್ಲಾಸ್ಟರಿನ ಅರ್ಲ್ (ಅಂದರೆ ದೊಡ್ಡ ದರ್ಜೆಯ ಸರದಾರ) ರಾಬರ್ಟ್, ಹೆನ್ರಿಯ ಮಗನೇ, ಆದರೆ ಮದುವೆಯ ಆಚೆ ಹುಟ್ಟಿದವನು. ಇಬ್ಬರಿಗೂ ತಾನೇ ಮೊದಲು ಎಂಬ ಹಟ. ಮುಂದೆ ಈ ಇಬ್ಬರೇ ಎರಡು ಸೈನ್ಯಗಳ ಮುಂದೆ ನಿಂತರು.

ಸ್ಟೀಫನ್ ಮಟಿಲ್ಡಾಗೆ ಏನಾಗಬೇಕು? ಸೋದರತ್ತೆಯ ಮಗ. ನಮ್ಮ ಲೆಕ್ಕದಲ್ಲಾದರೆ ಇಬ್ಬರಿಗೂ ಮದುವೆ ಮಾಡಿ ಜಗಳವನ್ನೇ ತಪ್ಪಿಸಬಹುದಿತ್ತು. ಅವರ ಚರ್ಚು ಅಂಥ ಸಂಬಂಧಕ್ಕೆ ಒಪ್ಪುತ್ತಿರಲಿಲ್ಲ. ಹೆನ್ರಿ 1128ರಲ್ಲಿ ಮಗಳನ್ನು ಆಂಜೂ ಸೀಮೆಯ ಜೆಫ್ರಿಗೆ ಕೊಟ್ಟ. ಹುಡುಗಿಗೆ 26, ಹುಡುಗನಿಗೆ ಇನ್ನೂ 15 ತುಂಬಿರಲಿಲ್ಲ. ಆಂಜೂದವರು ನಾರ್ಮನ್ನರಿಗೆ, ಅಂದರೆ ನಾರ್ಮಂಡಿ ಮೂಲದ ಈ ಸರದಾರರಿಗೆ, ಹಳೇ ಶತ್ರುಗಳು. ಸರದಾರರ ಮುಖ ಸಣ್ಣದಾಯಿತು. ಮಗಳು ಬಂದರೆ ಬೆನ್ನಿಗೇ ಆಂಜೂ ಅಳಿಯನೂ ಬರುತ್ತಾನಲ್ಲ ಎಂಬುದೇ ಅವರ ಅಂಜಿಕೆ. ಹೆಂಗಸಿನ ಆಳ್ವಿಕೆಗೆ ಒಪ್ಪಲಿಲ್ಲ ಎಂದು ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೂ ನಿಜ. ಆದರೆ ಅಳಿಯನ ಭಯ ಅದಕ್ಕಿಂತ ಜಾಸ್ತಿ ಇತ್ತು ಅನ್ನುವುದು ನನ್ನ ಅನಿಸಿಕೆ.

1135ರ ಡಿಸೆಂಬರ್ 1ರಂದು ನಾರ್ಮಂಡಿಯಲ್ಲಿ ಹೆನ್ರಿ ಸತ್ತ. ವೈದ್ಯರು ಬೇಡವೆಂದರೂ ಲ್ಯಾಂಪ್ರೆ ಎಂಬ ಹಾವಿನಂಥ ಮೀನು ತಿಂದ ಎಂಬ ಕಥೆ ಇದೆ. ಮಟಿಲ್ಡಾ ಗಂಡನ ಸೀಮೆಯಲ್ಲಿದ್ದಳು. ಬಸುರಿ. ಮೇಲಾಗಿ ಗಡಿ ಕೋಟೆಗಳ ವಿಷಯಕ್ಕೆ ಅಪ್ಪನ ಜೊತೆ ಮುನಿಸು ನಡೆದಿತ್ತು. ಸ್ಟೀಫನ್ ಬುಲೋನ್‌ನಲ್ಲಿದ್ದ. ಅಲ್ಲಿಂದ ಇಂಗ್ಲೆಂಡಿಗೆ ಕಿರಿದಾದ ಕಡಲ ಹಾದಿ. ದಾಟಿದ. ಲಂಡನ್ನಿನವರು ಬಾಗಿಲು ತೆರೆದರು. ಆಮೇಲೆ, ನೀವೇ ಊಹಿಸಿದ ಹಾಗೆ, ವಿಂಚೆಸ್ಟರ್. ಅಲ್ಲಿನ ಬಿಷಪ್ ಬೇರೆ ಯಾರೂ ಅಲ್ಲ, ಸ್ಟೀಫನ್‌ನ ತಮ್ಮ ಹೆನ್ರಿ. ಖಜಾನೆ ಕೈಗೆ ಬಂತು. ಆರ್ಚ್‌ಬಿಷಪ್ ಮಾತ್ರ ಪ್ರಮಾಣದ ಮಾತೆತ್ತಿ ಹಿಂದೆಮುಂದೆ ನೋಡಿದರು. ಆಗ ಹ್ಯೂ ಬಿಗಾಡ್ ಎಂಬ ಸರದಾರ ಮುಂದೆ ಬಂದು, ರಾಜ ಸಾಯುವಾಗ ಮನಸ್ಸು ಬದಲಾಯಿಸಿದ್ದರು, ನಾನೇ ಕೇಳಿದ್ದೇನೆ ಎಂದು ಆಣೆ ಮಾಡಿದ. ಆಣೆಯನ್ನು ಆಣೆಯಿಂದಲೇ ತೆಗೆದಂತಾಯಿತು. ಡಿಸೆಂಬರ್ 22ಕ್ಕೆ ಪಟ್ಟ. ಸತ್ತ ಹೆನ್ರಿಯ ದೇಹ ಇನ್ನೂ ನಾರ್ಮಂಡಿಯಲ್ಲೇ, ಗಾಳಿ ಅನುಕೂಲವಾಗಲಿ ಎಂದು ಕಾಯುತ್ತಿತ್ತು. ಅದನ್ನು ತಂದು ಮಣ್ಣು ಮಾಡಿದ್ದು ಜನವರಿಯಲ್ಲಿ.

ನಾರ್ಮಂಡಿಯ ಸರದಾರರು ಅಷ್ಟರಲ್ಲಿ ಸ್ಟೀಫನ್‌ನ ಅಣ್ಣ ಥಿಯೊಬಾಲ್ಡ್‌ನನ್ನು ಒಡೆಯನನ್ನಾಗಿ ಆರಿಸಲು ಸೇರಿದ್ದರು. ತಮ್ಮನಿಗೆ ಪಟ್ಟ ಆಗಿದೆ ಎಂಬ ಸುದ್ದಿ ಬಂತು. ಅಲ್ಲಿಗೆ ಮಾತು ಮುಗಿಯಿತು. ಅವರಿಗೆಲ್ಲ ಕಡಲಿನ ಎರಡೂ ದಡದಲ್ಲಿ ಜಮೀನಿತ್ತು. ಇಬ್ಬರು ಒಡೆಯರಾದರೆ ಎಲ್ಲಾದರೂ ಒಂದು ಕಡೆ ದ್ರೋಹಿ ಆಗಲೇಬೇಕು. ಈ ಜಮೀನಿನ ಲೆಕ್ಕ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಸ್ಟೀಫನ್ ಒಳ್ಳೆಯವನು. ಧೈರ್ಯವಂತ, ನಗುಮುಖ, ಎಲ್ಲರ ಜೊತೆ ಊಟಕ್ಕೆ ಕೂರುವವನು. ರಾಜನಾಗಿ ಅದೇ ತೊಂದರೆ ಆಯಿತು. 1136ರಲ್ಲಿ ಎಕ್ಸೆಟರ್ ಕೋಟೆಯವರು ದಂಗೆ ಎದ್ದು, ನೀರು ಬತ್ತಿ ಶರಣಾದರು. ಸ್ಟೀಫನ್ ಅವರನ್ನು ಸುಮ್ನೆ ಬಿಟ್ಟುಬಿಟ್ಟ. ಹೆನ್ರಿಯಾಗಿದ್ದರೆ ಕಣ್ಣು ಕೀಳಿಸುತ್ತಿದ್ದ. ದಂಗೆ ಎದ್ದರೂ ಏನೂ ಆಗುವುದಿಲ್ಲ ಎಂದು ಸರದಾರರಿಗೆ ಗೊತ್ತಾಯಿತು. 1138ರಲ್ಲಿ ಗ್ಲಾಸ್ಟರಿನ ರಾಬರ್ಟ್ ನಿಷ್ಠೆ ಮುರಿದು ತಂಗಿಯ ಪಕ್ಷ ಸೇರಿದ. 1139ರಲ್ಲಿ ಸ್ಟೀಫನ್ ತಾನೇ ತನ್ನ ಕಾಲಿಗೆ ಕಲ್ಲು ಹಾಕಿಕೊಂಡ. ಆಡಳಿತ ನಡೆಸುತ್ತಿದ್ದ ಸಾಲ್ಸ್‌ಬರಿಯ ಬಿಷಪ್ ರೋಜರ್‌ನನ್ನೂ ಅವನ ಬಳಗವನ್ನೂ ಹಿಡಿದುಹಾಕಿ ಅವರ ಕೋಟೆಗಳನ್ನು ಕಿತ್ತುಕೊಂಡ. ಚರ್ಚು ಸಿಟ್ಟಾಯಿತು.

ಅದೇ ವರ್ಷ ಮಟಿಲ್ಡಾ ಆರಂಡೆಲ್ ಕೋಟೆಗೆ ಬಂದಿಳಿದಳು. ಅಲ್ಲಿ ಅವಳ ಮಲತಾಯಿ ಇದ್ದಳು. ಸ್ಟೀಫನ್ ಸೈನ್ಯ ತಂದು ಸುತ್ತುವರಿದ. ಕೈಗೆ ಸಿಕ್ಕಿದ್ದಳು. ಅವನು ಮಾಡಿದ್ದೇನು? ಕಾವಲು ಕೊಟ್ಟು ಅವಳನ್ನು ಬ್ರಿಸ್ಟಲ್‌ಗೆ, ಅಂದರೆ ಅಣ್ಣ ರಾಬರ್ಟನ ಮನೆಗೆ, ಜೋಪಾನವಾಗಿ ತಲುಪಿಸಿದ! ದಡ್ಡತನ ಎಂದು ಎಲ್ಲರೂ ಬೈಯುತ್ತಾರೆ. ನನಗೆ ಪೂರ್ತಿ ಹಾಗನ್ನಿಸುವುದಿಲ್ಲ. ಹೆಂಗಸೊಬ್ಬಳನ್ನು ಮುತ್ತಿಗೆ ಹಾಕಿ ಹಿಡಿಯುವುದು ಆ ಕಾಲದ ವೀರರ ಮರ್ಯಾದೆಗೆ ಕಡಿಮೆ. ಇಬ್ಬರು ಶತ್ರುಗಳು ಎರಡು ಕಡೆ ಇರುವುದಕ್ಕಿಂತ ಒಂದೇ ಕಡೆ ಇದ್ದರೆ ಸುಲಭ ಎಂಬ ಲೆಕ್ಕವೂ ಇತ್ತು. ಲೆಕ್ಕ ತಪ್ಪಿತು, ಅದು ಬೇರೆ ಮಾತು.

ಈಗ 1141ಕ್ಕೆ ಬರೋಣ. ಫೆಬ್ರವರಿ 2, ಲಿಂಕನ್ ಊರಿನ ಬಯಲು. ಸ್ಟೀಫನ್‌ನ ಕಡೆಯ ಅರ್ಲ್‌ಗಳು ಮೊದಲ ಹೊಡೆತಕ್ಕೇ ಕುದುರೆ ತಿರುಗಿಸಿ ಓಡಿದರು. ರಾಜ ಕುದುರೆ ಬಿಟ್ಟು ನೆಲದ ಮೇಲೆ ನಿಂತು ಬಡಿದಾಡಿದ. ಕತ್ತಿ, ಕೊಡಲಿ ಎರಡೂ ಮುರಿದವು. ಯಾರೋ ಎಸೆದ ಕಲ್ಲು ತಲೆಗೆ ಬಿತ್ತು, ಬಿದ್ದ, ಹಿಡಿದರು. ಪಕ್ಷ ಬದಲಾಯಿಸುವವರಿಗೆ ಸುಗ್ಗಿ. ಎಲ್ಲರಿಗಿಂತ ಮುಂದೆ ಅವನ ತಮ್ಮ, ವಿಂಚೆಸ್ಟರಿನ ಬಿಷಪ್ಪೇ. ಏಪ್ರಿಲ್‌ನಲ್ಲಿ ಚರ್ಚಿನ ಸಭೆ ಕರೆದು, ಅಣ್ಣ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ, ಈ ಸೋಲು ದೇವರ ತೀರ್ಪು ಎಂದು ಸಾರಿದ. ಆದರೆ ಆ ಸಭೆ ಮಟಿಲ್ಡಾಗೆ ಕೊಟ್ಟ ಹೆಸರು ನೋಡಿ: 'ಇಂಗ್ಲಿಷರ ಒಡತಿ'. ರಾಣಿ ಅಲ್ಲ. ಅಭಿಷೇಕ ಆಗುವ ತನಕ ಆ ಹೆಸರು ಹಾಕಿಕೊಳ್ಳುವ ಹಾಗಿರಲಿಲ್ಲ. ಅಭಿಷೇಕ ಆದವನು ಬ್ರಿಸ್ಟಲ್ಲಿನಲ್ಲಿ ಬದುಕಿದ್ದ.

ಜೂನ್‌ನಲ್ಲಿ ಅವಳು ವೆಸ್ಟ್‌ಮಿನ್‌ಸ್ಟರಿಗೆ ಬಂದಳು. ಲಂಡನ್ನಿನ ವರ್ತಕರನ್ನು ಕರೆಸಿ ದೊಡ್ಡ ಮೊತ್ತ ಕೇಳಿದಳು. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದೇವೆ, ಸ್ವಲ್ಪ ಸಮಯ ಕೊಡಿ ಎಂದರು. ಸ್ಟೀಫನ್‌ಗೆ ಹಣ ಕೊಡಲು ನಿಮಗೆ ಕಷ್ಟ ಆಗಲಿಲ್ಲವಾ ಎಂದು ರೇಗಿದಳಂತೆ. ಇದನ್ನು ಬರೆದವನು ಸ್ಟೀಫನ್ ಪಕ್ಷದವನು, ಅದು ನೆನಪಿರಲಿ. ಅವಳ ಅಪ್ಪ ಹೀಗೆ ರೇಗಿದ್ದರೆ ಗಟ್ಟಿ ರಾಜ ಎನ್ನುತ್ತಿದ್ದರು. ಮಗಳು ರೇಗಿದರೆ ಸೊಕ್ಕು. ಆದರೆ ರಾಜಕೀಯವಾಗಿ ಅದು ತಪ್ಪು ಹೆಜ್ಜೆಯೇ. ಪಟ್ಟ ಆದ ಮೇಲೆ ಕೇಳಬೇಕಾದ್ದನ್ನು ಪಟ್ಟಕ್ಕೆ ಮುಂಚೆ ಕೇಳಿದಳು. ಅಷ್ಟರಲ್ಲಿ ಸ್ಟೀಫನ್‌ನ ಹೆಂಡತಿ ಥೇಮ್ಸ್ ನದಿಯ ಆಚೆ ದಡಕ್ಕೆ ಸೈನ್ಯ ತಂದು ಸುಡಲು ಶುರು ಮಾಡಿದಳು. ಅವಳ ಹೆಸರೂ ಮಟಿಲ್ಡಾನೇ, ಗೊಂದಲ ಮಾಡಿಕೊಳ್ಳಬೇಡಿ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಟ ಆಡಿದವಳು ಅವಳೇ. ಜೂನ್ 24ರಂದು ಊರಿನ ಗಂಟೆಗಳು ಬಡಿದವು, ಜನ ಆಯುಧ ಹಿಡಿದು ಬೀದಿಗೆ ಬಂದರು. ಒಡತಿ ಊಟಕ್ಕೆ ಕೂರುವ ಹೊತ್ತು. ತಟ್ಟೆ ಬಿಟ್ಟು ಕುದುರೆ ಹತ್ತಿ ಆಕ್ಸ್‌ಫರ್ಡಿಗೆ ಓಡಿದಳು.

ಪಟ್ಟಕ್ಕೆ ಅಷ್ಟು ಹತ್ತಿರ ಅವಳು ಮತ್ತೆಂದೂ ಬರಲಿಲ್ಲ. ಸೆಪ್ಟೆಂಬರಿನಲ್ಲಿ ವಿಂಚೆಸ್ಟರಿನಿಂದ ಹಿಂದೆ ಸರಿಯುವಾಗ ತಂಗಿಯನ್ನು ಪಾರುಮಾಡಿದ ರಾಬರ್ಟ್ ತಾನು ಸಿಕ್ಕಿಬಿದ್ದ. ಅವನಿಲ್ಲದೆ ಅವಳ ಪಕ್ಷವೇ ಇಲ್ಲ. ನವೆಂಬರಿನಲ್ಲಿ ಅದಲುಬದಲು ಆಯಿತು: ಅರ್ಲ್ ರಾಬರ್ಟನನ್ನು ಕೊಟ್ಟು ರಾಜ ಸ್ಟೀಫನ್‌ನನ್ನು ಬಿಡಿಸಿಕೊಂಡರು. ತಮ್ಮ ಬಿಷಪ್ ನಾಚಿಕೆಯಿಲ್ಲದೆ ಮತ್ತೆ ಅಣ್ಣನ ಕಡೆ. ಆ ಕ್ರಿಸ್ಮಸ್‌ಗೆ ಸ್ಟೀಫನ್ ಕ್ಯಾಂಟರ್ಬರಿಯಲ್ಲಿ ಕಿರೀಟ ಧರಿಸಿ ಕುಳಿತ. ಹೊಸದಾಗಿ ಅಭಿಷೇಕ ಬೇಕಾಗಲಿಲ್ಲ. ಹಳೆಯದು ಹೋಗಿರಲೇ ಇಲ್ಲವಲ್ಲ.

ಮುಂದಿನ ವರ್ಷ ಆಕ್ಸ್‌ಫರ್ಡಿನ ಮುತ್ತಿಗೆ. ಡಿಸೆಂಬರಿನ ಹಿಮದಲ್ಲಿ ಬಿಳಿ ಬಟ್ಟೆ ಹೊದ್ದು, ಹೆಪ್ಪುಗಟ್ಟಿದ ನದಿ ದಾಟಿ, ಕಾವಲಿನವರ ನಡುವೆಯೇ ಮಟಿಲ್ಡಾ ನಡೆದು ಪಾರಾದಳು. ಎಲ್ಲರಿಗೂ ಇಷ್ಟವಾದ ಕಥೆ ಇದು, ಆದರೆ ಇದರಿಂದ ಏನೂ ಬದಲಾಗಲಿಲ್ಲ. ಅವಳು ಪಶ್ಚಿಮದಲ್ಲಿ, ಅವನು ಪೂರ್ವದಲ್ಲಿ, ನಡುವೆ ಥೇಮ್ಸ್ ಕಣಿವೆಯ ಹಳ್ಳಿಗಳು. ದೊಡ್ಡ ಬಯಲು ಯುದ್ಧಗಳು ಬೆರಳೆಣಿಕೆಯಷ್ಟೇ. ಉಳಿದದ್ದೆಲ್ಲ ಕೋಟೆ ಕಟ್ಟು, ಕೋಟೆ ಮುತ್ತು, ಶತ್ರುವಿನ ಬೆಳೆ ಸುಡು. ಸರದಾರರು ಪಾಳೇಗಾರರಾದರು. ಕೆಲವರು ತಮ್ಮದೇ ನಾಣ್ಯ ಅಚ್ಚು ಹಾಕಿಸಿದರು. ಜೆಫ್ರಿ ಡಿ ಮ್ಯಾಂಡವಿಲ್ ಎಂಬುವನು 1143ರಲ್ಲಿ ರ್‍ಯಾಮ್ಸಿಯ ಮಠದಿಂದ ಸನ್ಯಾಸಿಗಳನ್ನು ಓಡಿಸಿ ಅದನ್ನೇ ಕೋಟೆ ಮಾಡಿಕೊಂಡು ಸುತ್ತಲ ಸೀಮೆ ದೋಚಿದ. ಕ್ರಿಸ್ತನೂ ಅವನ ಸಂತರೂ ನಿದ್ದೆ ಹೋಗಿದ್ದಾರೆ ಎಂದು ಜನ ಆಡಿಕೊಳ್ಳುತ್ತಿದ್ದರು ಎಂಬ ಮಾತು ಬಹಳ ಪ್ರಸಿದ್ಧ. ಅದನ್ನು ಬರೆದ ಪೀಟರ್‌ಬರೊದ ಸನ್ಯಾಸಿ ಇದ್ದದ್ದು ಇದೇ ಸೀಮೆಯ ಪಕ್ಕದಲ್ಲಿ. ಇಂಗ್ಲೆಂಡು ಪೂರ್ತಿ ಹಾಗಿತ್ತು ಎಂದುಕೊಳ್ಳಬೇಡಿ. ಅವನ ಕಣ್ಣೆದುರಿನದ್ದು ಮಾತ್ರ ಸುಳ್ಳಲ್ಲ.

ಈ ಕಾಲದ ಕ್ರೌರ್ಯಕ್ಕೂ ಸ್ಟೀಫನ್‌ನ ಸ್ವಭಾವಕ್ಕೂ ಹೊಂದಿಕೆಯೇ ಇಲ್ಲ. 1152ರಲ್ಲಿ ನ್ಯೂಬರಿಯ ಮುತ್ತಿಗೆಯಲ್ಲಿ ಜಾನ್ ಮಾರ್ಷಲ್ ಎಂಬುವನು ತನ್ನ ಚಿಕ್ಕ ಮಗನನ್ನು ಒತ್ತೆ ಇಟ್ಟು, ಆಮೇಲೆ ಮಾತಿಗೆ ತಪ್ಪಿದ. ಹುಡುಗನನ್ನು ಗಲ್ಲಿಗೆ ಹಾಕುತ್ತೇವೆ ಎಂದರೆ, ಇನ್ನೂ ಒಳ್ಳೆಯ ಮಕ್ಕಳನ್ನು ಮಾಡಲು ಸುತ್ತಿಗೆ, ಅಡಿಗಲ್ಲು ಎರಡೂ ನನ್ನ ಬಳಿ ಇವೆ ಎಂದನಂತೆ ಅಪ್ಪ! ಸ್ಟೀಫನ್‌ಗೆ ಮನಸ್ಸು ಬರಲಿಲ್ಲ. ಹುಡುಗ ಉಳಿದ. ಅವನೇ ವಿಲಿಯಂ ಮಾರ್ಷಲ್. 1216ರಲ್ಲಿ ಬಾಲಕ ರಾಜನ ಪರವಾಗಿ ಇಂಗ್ಲೆಂಡನ್ನು ಆಳಿದವನು.

ಇನ್ನೊಂದು ಪ್ರಸಂಗ 1147ರದ್ದು. ಮಟಿಲ್ಡಾಳ ಮಗ ಹೆನ್ರಿಗೆ ಹದಿನಾಲ್ಕು ವರ್ಷ. ಯಾರನ್ನೂ ಕೇಳದೆ ಒಂದಷ್ಟು ಕೂಲಿ ಸೈನಿಕರನ್ನು ಕಟ್ಟಿಕೊಂಡು ಇಂಗ್ಲೆಂಡ್ ಗೆಲ್ಲಲು ಬಂದ. ಸಂಬಳ ಕೊಡಲು ಕಾಸಿಲ್ಲ. ಅಮ್ಮನನ್ನು ಕೇಳಿದ, ಇಲ್ಲ ಎಂದಳು. ಸೋದರಮಾವ ರಾಬರ್ಟನೂ ಆಗುವುದಿಲ್ಲ ಎಂದ. ಕೊನೆಗೆ ಯಾರ ಮೇಲೆ ದಂಡೆತ್ತಿ ಬಂದಿದ್ದನೋ ಅದೇ ಸ್ಟೀಫನ್‌ಗೆ ಹೇಳಿ ಕಳಿಸಿದ. ಸ್ಟೀಫನ್ ಹಣ ಕೊಟ್ಟು ಹುಡುಗನನ್ನು ಊರಿಗೆ ಕಳಿಸಿದ. ಅದೇ ವರ್ಷ ರಾಬರ್ಟ್ ತೀರಿಕೊಂಡ. 1148ರಲ್ಲಿ ಮಟಿಲ್ಡಾ ಇಂಗ್ಲೆಂಡ್ ಬಿಟ್ಟು ನಾರ್ಮಂಡಿಗೆ ಹೋದಳು. ಗೆದ್ದವನು ಸ್ಟೀಫನ್ ಅಲ್ವಾ?

ಅಲ್ಲ. ಅವಳ ಗಂಡ ಜೆಫ್ರಿ ಇಂಗ್ಲೆಂಡಿನ ಕಡೆ ತಲೆ ಹಾಕದೆ, ನಿಧಾನವಾಗಿ ನಾರ್ಮಂಡಿಯನ್ನು ನುಂಗಿದ್ದ. 1144ರಲ್ಲಿ ಅದರ ರಾಜಧಾನಿ ರೂಆನ್ ಅವನ ಕೈಗೆ ಬಂದಿತ್ತು. ಈಗ ಆ ಜಮೀನಿನ ಲೆಕ್ಕ. ಎರಡೂ ದಡದಲ್ಲಿ ಆಸ್ತಿ ಇದ್ದ ಸರದಾರ ಇಲ್ಲಿ ಸ್ಟೀಫನ್‌ಗೆ ನಿಷ್ಠನಾದರೆ ಅಲ್ಲಿನ ಹೊಲ ಹೋಯಿತು. ಅವರು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳತೊಡಗಿದರು. ಚೆಸ್ಟರ್ ಮತ್ತು ಲೆಸ್ಟರ್‌ನ ಅರ್ಲ್‌ಗಳ ಒಪ್ಪಂದದ ಪತ್ರ ಇವತ್ತಿಗೂ ಉಳಿದಿದೆ. ನಮ್ಮ ಒಡೆಯರು ಬಲವಂತ ಮಾಡಿ ಒಬ್ಬರ ಮೇಲೊಬ್ಬರನ್ನು ಕಳಿಸಿದರೆ ಇಪ್ಪತ್ತಕ್ಕಿಂತ ಹೆಚ್ಚು ನೈಟ್‌ಗಳನ್ನು (ಕುದುರೆ ಸವಾರ ಯೋಧರನ್ನು) ಕರೆದುಕೊಂಡು ಹೋಗುವುದಿಲ್ಲ, ಕಿತ್ತುಕೊಂಡ ವಸ್ತು ವಾಪಸ್ ಕೊಡುತ್ತೇವೆ ಎಂದು ಬರೆದುಕೊಂಡಿದ್ದಾರೆ. ಯುದ್ಧಕ್ಕೆ ಹೋಗುತ್ತೇವೆ, ಯುದ್ಧ ಮಾತ್ರ ಮಾಡುವುದಿಲ್ಲ!

ಸ್ಟೀಫನ್‌ಗೆ ವಯಸ್ಸಾಗುತ್ತಿತ್ತು. ಮಗ ಯೂಸ್ಟೆಸ್‌ನನ್ನು ಭದ್ರ ಮಾಡಬೇಕು. ದಾರಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಫ್ರಾನ್ಸಿನ ರಾಜರು ತಾವು ಬದುಕಿರುವಾಗಲೇ ಮಗನಿಗೆ ಅಭಿಷೇಕ ಮಾಡಿಸಿಬಿಡುತ್ತಿದ್ದರು. ತಾನೂ ಹಾಗೇ ಮಾಡಲು ಹೊರಟ. ಪೋಪ್ ಬೇಡ ಎಂದಿದ್ದರು. 1152ರಲ್ಲಿ ಆರ್ಚ್‌ಬಿಷಪ್ ಥಿಯೊಬಾಲ್ಡ್ ಆಗುವುದಿಲ್ಲ ಎಂದರು. (ಅಣ್ಣನ ಹೆಸರೇ, ಮನುಷ್ಯ ಬೇರೆ.) ಸ್ಟೀಫನ್ ಬಿಷಪ್‌ಗಳನ್ನು ಕೂಡಿಹಾಕಿ ಬೆದರಿಸಿದ. ಥಿಯೊಬಾಲ್ಡ್ ತಪ್ಪಿಸಿಕೊಂಡು ಸಮುದ್ರ ದಾಟಿಬಿಟ್ಟರು. ಇಪ್ಪತ್ತು ಸಾವಿರ ಸೈನಿಕರಿದ್ದರೂ ಮಾಡಲಾಗದ ಕೆಲಸವನ್ನು ಒಂದು ಬಟ್ಟಲು ಎಣ್ಣೆ ಮಾಡುತ್ತಿತ್ತು, ಸುರಿಯುವ ಕೈ ಸಿಗಲಿಲ್ಲ. ಸ್ಟೀಫನ್‌ನ ನಿಜವಾದ ಸೋಲು ಲಿಂಕನ್ನಿನಲ್ಲಿ ಆಗಲಿಲ್ಲ, ಇಲ್ಲಿ ಆಯಿತು.

ಅದೇ ವರ್ಷ ಆ ಕಡೆ ಹುಡುಗ ಹೆನ್ರಿ ದೊಡ್ಡವನಾಗಿದ್ದ. ನಾರ್ಮಂಡಿ ಅವನದು. ಅಪ್ಪ ಸತ್ತು ಆಂಜೂ ಬಂತು. ಫ್ರಾನ್ಸ್ ರಾಜನ ಜೊತೆಗಿನ ಮದುವೆ ರದ್ದಾದ ಎರಡೇ ತಿಂಗಳಿಗೆ ಆ ರಾಜನ ಹೆಂಡತಿಯಾಗಿದ್ದ ಎಲಿನಾರ್‌ ಅವನನ್ನು ಮದುವೆಯಾದಳು, ಜೊತೆಗೆ ಆಕ್ವಿಟೇನ್ ಸೀಮೆಯೂ ಬಂತು. 1153ರ ಜನವರಿಯಲ್ಲಿ ಇಂಗ್ಲೆಂಡಿಗೆ ಬಂದಿಳಿದ. ಬೇಸಿಗೆಯಲ್ಲಿ ವಾಲಿಂಗ್‌ಫರ್ಡಿನಲ್ಲಿ ಎರಡು ಸೈನ್ಯಗಳು ನದಿಯ ಎರಡು ದಡದಲ್ಲಿ ನಿಂತವು. ಎರಡೂ ಕಡೆಯ ಸರದಾರರು ಹೊಡೆದಾಡಲು ಒಪ್ಪಲಿಲ್ಲ. ಸ್ಟೀಫನ್ ಮತ್ತು ಹೆನ್ರಿ ನದಿಯ ಕಿರಿದಾದ ಜಾಗದಲ್ಲಿ ಆಚೀಚೆ ನಿಂತು ಮಾತಾಡಿದರು, ಇಬ್ಬರೂ ತಮ್ಮ ಜನರ ಮೇಲೆಯೇ ದೂರು ಹೇಳಿಕೊಂಡರು ಎಂದು ಬರೆದಿದ್ದಾರೆ.

ಯೂಸ್ಟೆಸ್ ರೇಗಿ ಹೊರಟುಹೋಗಿ, ಮಠದ ಭೂಮಿಗಳನ್ನು ದೋಚತೊಡಗಿದ. ಆಗಸ್ಟ್‌ನಲ್ಲಿ ಇದ್ದಕ್ಕಿದ್ದಂತೆ ಸತ್ತ. ನವೆಂಬರಿನಲ್ಲಿ ವಿಂಚೆಸ್ಟರಿನಲ್ಲಿ ರಾಜಿ ಆಯಿತು. ಸ್ಟೀಫನ್ ಬದುಕಿರುವ ತನಕ ರಾಜ. ಹೆನ್ರಿಯನ್ನು ಮಗ ಮತ್ತು ವಾರಸುದಾರ ಎಂದು ದತ್ತು ಸ್ವೀಕರಿಸಿದ. ತನ್ನ ಸ್ವಂತ ಕಿರಿಮಗ ವಿಲಿಯಂಗೆ ಕೈತುಂಬ ಜಮೀನು. ಎಣ್ಣೆಯನ್ನು ಒರೆಸಲಾಗದಿದ್ದರೆ ಆ ತಲೆ ಹೋಗುವ ತನಕ ಕಾಯುವುದು, ಅಷ್ಟೇ. ಜಾಸ್ತಿ ಕಾಯಬೇಕಾಗಲಿಲ್ಲ. 1154ರ ಅಕ್ಟೋಬರ್ 25ಕ್ಕೆ ಸ್ಟೀಫನ್ ತೀರಿಕೊಂಡ.

ಹೆನ್ರಿ ಆಗ ನಾರ್ಮಂಡಿಯಲ್ಲಿದ್ದ. ಗಾಳಿ ಕೆಟ್ಟು ಕಡಲು ದಾಟಲು ಆಗಲಿಲ್ಲ. ಪಟ್ಟ ಆದದ್ದು ಡಿಸೆಂಬರ್ 19ಕ್ಕೆ. ಸುಮಾರು ಎಂಟು ವಾರ ಗದ್ದುಗೆ ಖಾಲಿ ಬಿದ್ದಿತ್ತು. ವಿಂಚೆಸ್ಟರಿನ ಕಡೆ ಯಾರೂ ಕುದುರೆ ಓಡಿಸಲಿಲ್ಲ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ಇಷ್ಟೆಲ್ಲ ನೋಡಿದ ಮಟಿಲ್ಡಾಳ ಮಗ, ಅಂದರೆ ಎರಡನೇ ಹೆನ್ರಿ, ತನ್ನ ಮಗನ ವಿಷಯದಲ್ಲಿ ಏನು ಮಾಡಿದ? ಸ್ಟೀಫನ್‌ಗೆ ಆಗದ್ದನ್ನು ಅವನು ಮಾಡಿದ. 1170ರ ಜೂನ್ 14ರಂದು ಮಗ ಹೆನ್ರಿಗೆ ತಾನು ಬದುಕಿರುವಾಗಲೇ ಅಭಿಷೇಕ ಮಾಡಿಸಿದ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಬೆಕೆಟ್‌ಗೂ ರಾಜನಿಗೂ ಜಗಳವಾಗಿತ್ತು, ಹಾಗಾಗಿ ಯಾರ್ಕಿನ ಆರ್ಚ್‌ಬಿಷಪ್ ಕೈಯಲ್ಲಿ ಮಾಡಿಸಿದ. ಆ ಹಕ್ಕು ನಮ್ಮದು ಎಂದು ಬೆಕೆಟ್ ಸಿಡಿದೆದ್ದರು. ಡಿಸೆಂಬರ್ 29ರಂದು ರಾಜನ ಕಡೆಯ ನೈಟ್‌ಗಳು ಅವರನ್ನು ಚರ್ಚಿನೊಳಗೇ ಕೊಂದರು. ಇನ್ನು ಮಗ? ಅಭಿಷೇಕ ಆಯಿತು, ಆಳಲು ಒಂದು ತುಂಡು ನೆಲವನ್ನೂ ಅಪ್ಪ ಕೊಡಲಿಲ್ಲ. 1173ರಲ್ಲಿ ಅವನು ತಾಯಿ ಎಲಿನಾರ್, ತಮ್ಮಂದಿರ ಜೊತೆ ಸೇರಿ ಅಪ್ಪನ ಮೇಲೇ ದಂಗೆ ಎದ್ದ. 1183ರಲ್ಲಿ ಅಪ್ಪನಿಗಿಂತ ಮೊದಲೇ ಸತ್ತ. ಇಂಗ್ಲೆಂಡಿನ ರಾಜರ ಪಟ್ಟಿಯಲ್ಲಿ ಅವನಿಗೆ ಸಂಖ್ಯೆಯೇ ಇಲ್ಲ. ಅಲ್ಲಿ ಮೂರನೇ ಹೆನ್ರಿ ಎಂದು ಇರುವವನು ಅವನ ತಮ್ಮ ಜಾನ್‌ನ ಮಗ, ವಿಲಿಯಂ ಮಾರ್ಷಲ್ ಕಾಪಾಡಿದ ಬಾಲಕ.